ಸಭೆಯ ಸೇವೆ ಬಿಟ್ಟು ಪಾಠ, ಕಂಪ್ಯೂಟರ್ ಕಡೆ ಹೊರಟಿದ್ದೇನೆ. ದೇವಶಾಸ್ತ್ರ ನನ್ನ ಜೊತೆ ಬರುತ್ತಾ?

ಪ್ರಶ್ನೆ: ನನಗೆ 39 ವರ್ಷ. ಹನ್ನೆರಡು ವರ್ಷದಿಂದ ಸಭಾಪಾಲಕನಾಗಿದ್ದೇನೆ. ಎರಡು ವರ್ಷದಿಂದ ರಾತ್ರಿ ಹೊತ್ತು ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೆ. ಈಗ ಒಂದು ಶಾಲೆಯವರು ಕಂಪ್ಯೂಟರ್ ಸೈನ್ಸ್ ಕಲಿಸಲು ಕರೆದಿದ್ದಾರೆ. ಹೋಗಬೇಕು ಅಂತ ಮನಸ್ಸು ಗಟ್ಟಿಯಾಗಿದೆ. ನಂಬಿಕೆ ಹೋಗಿಲ್ಲ. ಯಾರ ಮೇಲೂ ಕೋಪ ಇಲ್ಲ. ಸಭೆ ನಡೆಸುವ ಕೆಲಸ ನನ್ನದಲ್ಲ ಅಂತ ನಿಧಾನವಾಗಿ ಗೊತ್ತಾಯಿತು, ಅಷ್ಟೆ. ಆದರೆ ದೇವಶಾಸ್ತ್ರ ಅಂದರೆ ಈಗಲೂ ಪ್ರಾಣ. "ನೇಗಿಲಿಗೆ ಕೈ ಹಾಕಿ ಹಿಂದೆ ನೋಡ್ತಾ ಇದ್ದೀಯ" ಅಂತ ಹಿರಿಯರೊಬ್ಬರು ಹೇಳಿದಾಗಿನಿಂದ ಸರಿಯಾಗಿ ನಿದ್ದೆ ಇಲ್ಲ. ಸೇವೆ ಬಿಟ್ಟ ಮೇಲೂ ಈ ಪ್ರೀತಿ ಉಳಿಯುತ್ತಾ? ಹನ್ನೆರಡು ವರ್ಷವನ್ನು ಬಯೋಡೇಟಾದಲ್ಲಿ ಹೇಗೆ ಬರೆಯಲಿ? ಕಪಾಟಿನ ತುಂಬ ಇರುವ ಪುಸ್ತಕಗಳನ್ನು ಏನು ಮಾಡಲಿ?

ಉತ್ತರ: ಪಾಸ್ಟರ್ ಅವರೇ, ನಾನೂ ಒಂಬತ್ತು ವರ್ಷ ಸಭೆ ನೋಡಿಕೊಂಡು ಆಮೇಲೆ ಪಾಠ ಮಾಡಲು ಹೋದವನು. ಈಗ ವಾರಕ್ಕೆ ಮೂರು ದಿನ ತರಗತಿ, ಉಳಿದ ದಿನ ಸಾಫ್ಟ್‌ವೇರ್ ಕೆಲಸ. ನಿಮ್ಮ ಹಾಗೆ ಈ ಹೊಳೆ ದಾಟುವವರ ಜೊತೆ ಕೂತು ಮಾತಾಡುವುದೂ ಬಹಳ ವರ್ಷದಿಂದ ನಡೆದಿದೆ. ನೀವು ಕೇಳಿದ ಮೂರು ಪ್ರಶ್ನೆಗಿಂತ ಆ ನಿದ್ದೆ ಬರದ ಮಾತೇ ನನಗೆ ದೊಡ್ಡದಾಗಿ ಕಂಡಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಲೂಕ 9ನೇ ಅಧ್ಯಾಯದ ಕೊನೆಯ ವಚನ ಅದು. ಒಬ್ಬ ಬಂದು, ನಿನ್ನ ಹಿಂದೆ ಬರುತ್ತೇನೆ, ಆದರೆ ಮೊದಲು ಮನೆಯವರಿಗೆ ಹೇಳಿ ಬರುತ್ತೇನೆ ಅನ್ನುತ್ತಾನೆ. ಅವನಿಗೆ ಯೇಸು ಹೇಳಿದ ಮಾತು ಈ ನೇಗಿಲಿನದು: ನೇಗಿಲಿಗೆ ಕೈ ಹಾಕಿ ಹಿಂದೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ. ಮಾತು ನಡೆಯುತ್ತಿರುವುದು ಹಿಂಬಾಲಿಸುವ ಬಗ್ಗೆ. ಸಂಬಳ, ಮನೆ, ಹುದ್ದೆ ಇರುವ ಸಭಾಪಾಲಕನ ಕೆಲಸ ಆ ಕಾಲಕ್ಕೆ ಇರಲೇ ಇಲ್ಲ. ಈ ವಚನದ ಹಿಂದೆ ಇನ್ನೊಂದು ಕಥೆ ಇದೆ, ನಿಮಗೆ ಗೊತ್ತಿರುವುದೇ. ಹಳೆಯ ಒಡಂಬಡಿಕೆಯ 1 ಅರಸು 19. ಎಲೀಷ ಹನ್ನೆರಡು ಜೋಡಿ ಎತ್ತು ಕಟ್ಟಿ ಹೊಲ ಉಳುತ್ತಿದ್ದ. ಪ್ರವಾದಿ ಎಲೀಯ ಬಂದು ತನ್ನ ಕಂಬಳಿಯನ್ನು ಅವನ ಮೇಲೆ ಹಾಕಿದ. ಎಲೀಷನೂ ಅಪ್ಪ ಅಮ್ಮನಿಗೆ ಮುತ್ತಿಟ್ಟು ಬರುತ್ತೇನೆ ಅಂದ. ಒಂದು ಜೋಡಿ ಎತ್ತನ್ನು ಕೊಯ್ದು, ನೊಗದ ಮರವನ್ನೇ ಸೌದೆ ಮಾಡಿ ಬೇಯಿಸಿ, ಜನರಿಗೆ ಬಡಿಸಿ ಹೊರಟ. ನೋಡಿ, ಅವನಿಗೆ ಕರೆ ಬಂದಿದ್ದೇ ನೇಗಿಲು ಬಿಡುವುದಕ್ಕೆ! ಲೂಕನ ವಚನವನ್ನು ಈ ಕಥೆಯ ಪಕ್ಕ ಇಟ್ಟು ಓದಿದರೆ, ಕೈಯಲ್ಲಿ ಯಾವ ಉಪಕರಣ ಇದೆ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಯಾರ ಹಿಂದೆ ಹೊರಟಿದ್ದೀರಿ ಅನ್ನುವುದು ಬರುತ್ತದೆ. ಶಾಲೆಗೆ ಹೋಗುವಾಗ ನೀವು ಯೇಸುವಿನ ಹಿಂದೆ ಹೋಗುವುದನ್ನು ಬಿಡುತ್ತಿದ್ದೀರಾ? ನಿಮ್ಮ ಪತ್ರ ಓದಿದರೆ ಹಾಗೆ ಅನ್ನಿಸುವುದಿಲ್ಲ.

ಆ ಹಿರಿಯರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನೀವು ಅವರ ಮನೆಯ ಮದುವೆ, ಸಾವು, ಆಸ್ಪತ್ರೆ ಎಲ್ಲಕ್ಕೂ ನಿಂತವರು. ಆ ಜಾಗ ಖಾಲಿಯಾಗುತ್ತದೆ ಅನ್ನುವ ಸಂಕಟ ಅವರ ಬಾಯಲ್ಲಿ ವಚನವಾಗಿ ಬಂದಿದೆ. ಒಂದು ಸಂಜೆ ಅವರ ಮನೆಗೆ ಹೋಗಿ. ವಾದ ಮಾಡಬೇಡಿ. ಸುಮ್ನೆ ಕೂತು ಬನ್ನಿ.

ಇನ್ನೊಂದು ವಚನ ನನ್ನ ಕೈ ಹಿಡಿದದ್ದು. ಎಫೆಸ 4:11. ಅಪೊಸ್ತಲರು, ಪ್ರವಾದಿಗಳು, ಸುವಾರ್ತಿಕರು, ಸಭಾಪಾಲಕರು, ಉಪದೇಶಕರು ಅಂತ ಸಾಲಾಗಿ ಬರುತ್ತದಲ್ಲ. ಗ್ರೀಕಿನಲ್ಲಿ ಮೊದಲ ಮೂರಕ್ಕೂ ತಮ್ಮ ತಮ್ಮ 'ತೂಸ್' (ಇಂಗ್ಲಿಷಿನ 'ದಿ' ಥರದ ಪದ) ಇದೆ. ಕೊನೆಯ ಎರಡಕ್ಕೆ ಸೇರಿ ಒಂದೇ 'ತೂಸ್'. ಪಾಲಕ, ಉಪದೇಶಕ ಇಬ್ಬರೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಇವು ಒಂದೇ ಕೆಲಸವೋ, ಹತ್ತಿರದ ಎರಡು ಕೆಲಸವೋ ಅಂತ ಪಂಡಿತರು ಇನ್ನೂ ಚರ್ಚೆ ಮಾಡುತ್ತಾರೆ. ನನಗೆ ಅನ್ನಿಸುವುದು ಇಷ್ಟು: ಎರಡೂ ಒಬ್ಬರಲ್ಲೇ ಸಮನಾಗಿ ಇರಬೇಕು ಅಂತ ಎಲ್ಲೂ ಬರೆದಿಲ್ಲ. ನಿಮ್ಮಲ್ಲಿ ಉಪದೇಶಕ ಜಾಸ್ತಿ ಇದ್ದಾನೆ. ಹನ್ನೆರಡು ವರ್ಷ ಪಾಲಕನ ಕೆಲಸ ಅವನಿಂದ ಮಾಡಿಸಿದ್ದೀರಿ. ಅವನು ದಣಿದರೆ ಆಶ್ಚರ್ಯ ಇಲ್ಲ.

ಕೊರಿಂಥದಲ್ಲಿ ಅಪೊಸ್ತಲ ಪೌಲ ಹೊಟ್ಟೆಪಾಡಿಗೆ ಗುಡಾರ ಹೊಲಿದ ಕಥೆ ನಿಮಗೆ ಹೇಳಬೇಕಿಲ್ಲ. 1520ರಲ್ಲಿ ಸಭಾ ಸುಧಾರಕ ಲೂಥರ್, ಚಮ್ಮಾರ, ಕಮ್ಮಾರ, ರೈತ ಎಲ್ಲರಿಗೂ ಅವರವರ ಕೆಲಸವಿದೆ, ಆದರೂ ಎಲ್ಲರೂ ಯಾಜಕರೇ ಅಂತ ಬರೆದದ್ದೂ ಗೊತ್ತು. ಇವನ್ನು ನಾವು ಪೀಠದಿಂದ ಎಷ್ಟು ಸಲ ಹೇಳಿದ್ದೇವೆ, ಅಲ್ವಾ? ನಮ್ಮ ಸರದಿ ಬಂದಾಗ ಮಾತ್ರ ನಂಬಲು ಕಷ್ಟ.

ಒಂದು ಪ್ರಶ್ನೆಯನ್ನು ಮಾತ್ರ ನಾನು ತಿರುಗಿಸಿ ಕೇಳಲೇಬೇಕು. ಇದು ಬರೀ ದಣಿವಾ? ದಣಿವಾದರೆ ಮದ್ದು ಬೇರೆ. ರಾಜೀನಾಮೆ ಬರೆಯುವ ಮುಂಚೆ ಸಾಧ್ಯವಾದರೆ ಒಂದೂವರೆ ತಿಂಗಳು ರಜೆ ತಗೊಳ್ಳಿ. ನಾನು ಕಂಡ ಹಾಗೆ, ಬರೀ ದಣಿದವರಿಗೆ ಕೆಲವೇ ವಾರದಲ್ಲಿ ಜನರ ಮುಖ ನೆನಪಾಗಲು ಶುರುವಾಗುತ್ತದೆ. ಆ ಅಜ್ಜಿ ಹೇಗಿದ್ದಾರೋ, ಆ ಹುಡುಗನಿಗೆ ಕೆಲಸ ಸಿಕ್ಕಿತೋ ಅಂತ ಕೈ ಫೋನಿಗೆ ಹೋಗುತ್ತದೆ. ದಣಿವಲ್ಲದಿದ್ದರೆ ರಜೆಯಲ್ಲೂ ನೀವು ಪೈಥಾನ್ ಮತ್ತು ಸತ್ಯವೇದದ ರೋಮಾಪುರದವರ ಪತ್ರಿಕೆ ಹಿಡಿದು ನೆಮ್ಮದಿಯಾಗಿ ಕೂತಿರುತ್ತೀರಿ. ಉತ್ತರ ನಿಮಗೇ ಗೊತ್ತಾಗುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಪ್ರೀತಿ ಉಳಿಯುತ್ತಾ? ಉಳಿಯುತ್ತದೆ. ಆದರೆ ಅದರ ರೂಪ ಬದಲಾಗುತ್ತದೆ, ಆ ಬದಲಾವಣೆ ನೋಯಿಸುತ್ತದೆ. ಅದಕ್ಕೆ ತಯಾರಾಗಿರಿ.

ಸೇವೆಯಲ್ಲಿ ಇದ್ದಾಗ ನಮ್ಮ ಓದಿಗೆಲ್ಲ ಭಾನುವಾರದ ಗಡುವು. ಏನೇ ಓದಿದರೂ ಒಂದು ಕಣ್ಣು ಪ್ರಸಂಗದ ಮೇಲೆ. ಒಳ್ಳೆಯ ಸಾಲು ಸಿಕ್ಕರೆ ಮನಸ್ಸು ತಕ್ಷಣ ಕೇಳುತ್ತದೆ: ಇದನ್ನು ಎಲ್ಲಿ ಹೇಳಲಿ? ಸೇವೆ ಬಿಟ್ಟ ಮೇಲಿನ ಮೊದಲ ಭಾನುವಾರ ನಾನು ಪರಿಚಯ ಇಲ್ಲದ ಸಭೆಯೊಂದರಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪ್ರಸಂಗ ಶುರುವಾಗಿ ಐದು ನಿಮಿಷ ಆಗಿರಬಹುದು. ನೋಡುತ್ತೇನೆ, ಆರಾಧನೆಯ ಕ್ರಮ ಅಚ್ಚಾಗಿದ್ದ ಹಾಳೆಯ ಹಿಂದೆ ಒಂದು, ಎರಡು, ಮೂರು ಅಂತ ಬರೆದಿದ್ದೇನೆ. ಅದೇ ವಚನಕ್ಕೆ ನನ್ನದೇ ಮೂರು ಅಂಶ. ಯಾರೂ ಕೇಳದ ಪ್ರಸಂಗವನ್ನು ಕೈ ತಾನಾಗಿ ಬರೆಯುತ್ತಿತ್ತು. ಪೆನ್ನು ಮುಚ್ಚಿ ಜೇಬಿಗೆ ಹಾಕಿದೆ. ಆಮೇಲೆ ಅಳು ಬಂತು. ಇದು ಸುಮಾರು ಎಂಟು ತಿಂಗಳು ನಡೆಯಿತು. ನಿಮಗೂ ಆಗುತ್ತದೆ. ಆದಾಗ, ತಪ್ಪು ಮಾಡಿದೆನೇನೋ ಅಂತ ಅಂದುಕೊಳ್ಳಬೇಡಿ. ಕೈಗೆ ಹಳೆಯ ಅಭ್ಯಾಸ, ಅಷ್ಟೆ.

ಆಮೇಲೆ ಒಂದು ದಿನ ಯೋಬನ ಪುಸ್ತಕ ತೆಗೆದೆ. ಪ್ರಸಂಗಕ್ಕೆ ಅಂತ ಅದನ್ನು ಎಷ್ಟೋ ಸಲ ಓದಿದ್ದೆ. ಪ್ರಸಂಗಕ್ಕೆ ಬೇಕಾಗುವುದು ಮೊದಲ ಎರಡು ಅಧ್ಯಾಯ, 19ರಲ್ಲಿ 'ನನ್ನ ವಿಮೋಚಕ ಜೀವಿಸುತ್ತಾನೆ' ಅನ್ನುವ ಆ ಒಂದು ಮಾತು, 38, ಕೊನೆಯ 42. ನಡುವೆ ನೋವಿನಲ್ಲಿರುವ ಯೋಬನಿಗೆ ಮೂವರು ಸ್ನೇಹಿತರು ಮಾಡುವ ಉದ್ದುದ್ದ ಭಾಷಣಗಳನ್ನು ಹಾರಿಸಿಬಿಡುತ್ತಿದ್ದೆ. ಈ ಸಲ ಅವಸರ ಇರಲಿಲ್ಲ. ಎಲೀಫಜ, ಬಿಲ್ದದ, ಚೋಫರ ಮೂವರ ಮಾತನ್ನೂ ದಿನಕ್ಕೆ ಒಂದು ಅಧ್ಯಾಯದಂತೆ ಓದಿದೆ. ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅವರು! ದೇವರ ಬಗ್ಗೆ ಅವರು ಹೇಳುವುದರಲ್ಲಿ ಬಹಳಷ್ಟು ಸರಿಯಾಗಿಯೇ ಇದೆ. ಆದರೆ ವಾದದ ಸುತ್ತು ಮುಂದೆ ಹೋದ ಹಾಗೆ ಅವರ ಮಾತು ಸಣ್ಣದಾಗುತ್ತದೆ. ಮೂರನೇ ಸುತ್ತಿಗೆ ಬಂದರೆ ಬಿಲ್ದದನಿಗೆ ಆರೇ ವಚನ. ಚೋಫರನಿಗೆ ಮಾತೇ ಇಲ್ಲ. ಕೊನೆಗೆ 42:7ರಲ್ಲಿ ದೇವರು, ನೀವು ನನ್ನ ಬಗ್ಗೆ ಸರಿಯಾಗಿ ಆಡಲಿಲ್ಲ ಅನ್ನುತ್ತಾನೆ. ಪುಸ್ತಕ ಮಡಚಿಟ್ಟು ತುಂಬ ಹೊತ್ತು ಕೂತೆ. ಸಾವಿನ ಮನೆಗಳಲ್ಲಿ ನಾನು ಆಡಿದ್ದ ಮಾತು ಎಷ್ಟೋ ಸಲ ಎಲೀಫಜನದೇ ಆಗಿತ್ತು. ಅದು ಕಣ್ಣಿಗೆ ಬೀಳಲು ಭಾನುವಾರದ ಗಡುವು ಹೋಗಬೇಕಾಯಿತು. ಅವತ್ತಿಂದ ಯೋಬ ನನಗೆ ಪ್ರಸಂಗದ ಸರಕಾಗಿ ಉಳಿದಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ಮೊದಲ ವರ್ಷ ಸತ್ಯವೇದದ ಒಂದೇ ಪುಸ್ತಕ ಆರಿಸಿಕೊಳ್ಳಿ. ಪ್ರಸಂಗಕ್ಕೆ ನೀವು ಯಾವಾಗಲೂ ಬಿಟ್ಟುಬಿಡುತ್ತಿದ್ದ ಪುಸ್ತಕವಾದರೆ ಇನ್ನೂ ಒಳ್ಳೆಯದು. ಟಿಪ್ಪಣಿ ಬರೆಯಿರಿ, ಆದರೆ ಅಂಶಗಳಾಗಿ ಒಡೆಯಬೇಡಿ. ಯಾರಿಗೂ ಹೇಳಬೇಡಿ. ಉಪಯೋಗಕ್ಕೆ ಅಲ್ಲದೆ ಓದುವುದನ್ನು ನಾವು ಹೊಸದಾಗಿ ಕಲಿಯಬೇಕು, ಯಾಕೆಂದರೆ ಸೆಮಿನರಿ (ದೇವಶಾಸ್ತ್ರದ ಕಾಲೇಜು) ಬಿಟ್ಟ ದಿನವೇ ಅದು ನಮ್ಮ ಕೈತಪ್ಪಿ ಹೋಗಿರುತ್ತದೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಹೀಗೆ ಓದಿದವರು. ಸತ್ಯವೇದದ ಪುಸ್ತಕಗಳಲ್ಲಿ 3ನೇ ಅಧ್ಯಾಯದ 16ನೇ ವಚನವನ್ನಷ್ಟೇ ತಗೊಂಡು, ಒಂದೊಂದರ ಬಗ್ಗೆಯೂ ಪಂಡಿತರು ಏನು ಹೇಳಿದ್ದಾರೆ ಅಂತ ಹುಡುಕುತ್ತಾ ಹೋದರು. ಅಲ್ಲೊಂದು ಇಲ್ಲೊಂದು ಮಾದರಿ ತೆಗೆದು ಇಡೀ ರಾಶಿಯನ್ನು ಅರಿಯುವ ಲೆಕ್ಕದವರ ದಾರಿ ಅದು. ಅವರು ಪಾದ್ರಿಯಲ್ಲ. ಪ್ರೀತಿಯಿಂದ ಓದುವ ಒಬ್ಬ ವಿಶ್ವಾಸಿ.

ಇನ್ನು ಪಾಠ. ಇಲ್ಲಿ ನಿಮಗೆ ಸಂತೋಷದ ಸುದ್ದಿಯೂ ಇದೆ, ಒಂದು ಎಚ್ಚರಿಕೆಯೂ ಇದೆ. ನನ್ನ ಮೊದಲ ವಾರದ ಪಾಠ ಲೂಪ್ ಬಗ್ಗೆ. ಬೋರ್ಡಿನ ಮೇಲೆ ಐದು ಸಾಲು ಕೋಡ್ ಬರೆದು ಶುರು ಮಾಡಿದೆ. ನಾಲ್ಕನೇ ನಿಮಿಷಕ್ಕೆ ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದಳು. "ಸರ್, ಎರಡನೇ ಸಾಲು ಗೊತ್ತಾಗ್ಲಿಲ್ಲ." ಒಂಬತ್ತು ವರ್ಷದಲ್ಲಿ ಪ್ರಸಂಗದ ನಡುವೆ ನನ್ನನ್ನು ಯಾರೂ ನಿಲ್ಲಿಸಿರಲಿಲ್ಲ. ನಾನು ನಿಂತೆ. ಆ ಸಾಲಿಗೇ ವಾಪಸ್ ಹೋದೆ. ಆ ಕ್ಷಣದಲ್ಲಿ ಹೊಳೆಯಿತು, ಎಷ್ಟು ಭಾನುವಾರ ಎಷ್ಟು ಜನ ಎರಡನೇ ಸಾಲಿನಲ್ಲೇ ಉಳಿದುಹೋಗಿದ್ದರೋ, ನಾನು ಮೂರನೇ ಅಂಶಕ್ಕೆ ಓಡುತ್ತಿದ್ದೆ. ತರಗತಿ ನಿಮಗೆ ಇದನ್ನು ದಿನವೂ ಕಲಿಸುತ್ತದೆ. ವಿಷಯವನ್ನು ಹೇಗೆ ಒಡೆಯಬೇಕು, ಎಲ್ಲಿ ಉದಾಹರಣೆ ಕೊಡಬೇಕು, ಕಣ್ಣು ನೋಡಿ ಅರ್ಥವಾಯಿತೋ ಇಲ್ಲವೋ ಹೇಗೆ ತಿಳಿಯಬೇಕು, ಇವೆಲ್ಲ ನಿಮಗೆ ಬರುತ್ತವೆ. ಸುಮ್ಮನಿದ್ದು ಕೇಳಿಸಿಕೊಳ್ಳುವುದನ್ನು ಮಾತ್ರ ಹೊಸದಾಗಿ ಅಭ್ಯಾಸ ಮಾಡಬೇಕು.

ಎಚ್ಚರಿಕೆ ಇದು. ತರಗತಿಯನ್ನು ಸಭೆ ಮಾಡಬೇಡಿ. ಆ ಮಕ್ಕಳು ಬಂದಿರುವುದು ಕಂಪ್ಯೂಟರ್ ಕಲಿಯಲು. ಬೇರೆ ಬೇರೆ ನಂಬಿಕೆಯ ಮನೆಗಳಿಂದ ಬಂದಿರುತ್ತಾರೆ. ಅಂಕ ಕೊಡುವ ಕೈ ನಿಮ್ಮದು. ಆ ಕೈಯಿಂದ ನಂಬಿಕೆಯ ಒತ್ತಡ ಬರಬಾರದು. ಇದು ಬರೀ ಶಾಲೆಯ ನಿಯಮದ ಮಾತಲ್ಲ. ಉಪದೇಶಕರಿಗೆ ತೀರ್ಪು ಕಠಿಣವಾಗಿರುತ್ತದೆ ಅಂತ ಯಾಕೋಬ 3:1 ಹೇಳುವುದು ಇಂಥ ಕಡೆಯೇ ಅಂತ ನಾನು ನಂಬುತ್ತೇನೆ. ಮಕ್ಕಳು ಕೇಳಿದರೆ, ಹೌದು, ನಾನು ಮೊದಲು ಸಭಾಪಾಲಕನಾಗಿದ್ದೆ ಅಂತ ನೇರವಾಗಿ ಹೇಳಿ. ಆಮೇಲೆ ಎರಡನೇ ಸಾಲಿಗೆ ವಾಪಸ್ ಹೋಗಿ.

ಮೊದಲ ವರ್ಷ ಪಾಠ ಕೈಕೊಟ್ಟರೆ ತಳಿವಿಜ್ಞಾನದ ಗ್ರೆಗರ್ ಮೆಂಡೆಲ್ ನೆನಪಿರಲಿ. ಅವರು ಬ್ರನೋದ ಆಗಸ್ಟಿನಿಯನ್ ಮಠದವರು. 1847ರಲ್ಲಿ ಗುರುದೀಕ್ಷೆ ಆಯಿತು, ಮರುವರ್ಷ ಧರ್ಮಕೇಂದ್ರದ ಕೆಲಸಕ್ಕೆ ಹಾಕಿದರು. ರೋಗಿಗಳ ಹಾಸಿಗೆ ಪಕ್ಕ ನಿಲ್ಲಲು ಅವರಿಂದ ಆಗುತ್ತಿರಲಿಲ್ಲ. ಆ ನೋವು ನೋಡಿ ತಾವೇ ಕಾಯಿಲೆ ಬೀಳುತ್ತಿದ್ದರು. ಮಠದ ಅಧಿಪತಿ ಸಿರಿಲ್ ನಾಪ್ ಅದನ್ನು ಸೋಲು ಅನ್ನಲಿಲ್ಲ. 1849ರಲ್ಲಿ ಶಾಲೆಗೆ ಬದಲಿ ಮೇಷ್ಟ್ರಾಗಿ ಕಳಿಸಿದರು. ಮೆಂಡೆಲ್ 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ ಕಟ್ಟಿ ಫೇಲಾದರು. ವಿಯೆನ್ನಾಕ್ಕೆ ಹೋಗಿ ಓದಿ ಬಂದು 1856ರಲ್ಲಿ ಮತ್ತೆ ಕೂತರು, ಮತ್ತೆ ಆಗಲಿಲ್ಲ. ಪಾಠ ಮಾಡಿದಷ್ಟು ಕಾಲವೂ ಬದಲಿ ಮೇಷ್ಟ್ರೇ. ಆದರೆ ಅದೇ 1856ರಲ್ಲಿ ಮಠದ ತೋಟದಲ್ಲಿ ಬಟಾಣಿ ಗಿಡಗಳ ಮೇಲೆ ಪ್ರಯೋಗ ಶುರು ಮಾಡಿದರು. ಜಗತ್ತು ಅವರನ್ನು ನೆನೆಯುವುದು ಅದಕ್ಕೇ. ನನಗೆ ಮಾತ್ರ ಈ ಕಥೆಯಲ್ಲಿ ಮೆಂಡೆಲ್‌ಗಿಂತ ನಾಪ್ ಹತ್ತಿರದವರು. ತಮ್ಮವನೊಬ್ಬನಿಗೆ ಯಾವ ಕೆಲಸ ಆಗದು, ಯಾವುದು ಆಗುತ್ತದೆ ಅಂತ ಕಂಡುಕೊಂಡ ಹಿರಿಯರು ಅವರು. ನಿಮ್ಮ ಸುತ್ತ ಅಂಥವರು ಒಬ್ಬರಾದರೂ ಇದ್ದಾರಾ ನೋಡಿ. ಇದ್ದರೆ ರಾಜೀನಾಮೆ ಪತ್ರವನ್ನು ಮೊದಲು ಅವರಿಗೆ ತೋರಿಸಿ.

ತಂತ್ರಜ್ಞಾನಕ್ಕೂ ದೇವಶಾಸ್ತ್ರಕ್ಕೂ ಏನು ಸಂಬಂಧ ಅಂತ ಜನ ಕೇಳುತ್ತಾರೆ. ಬಹಳ ಹಳೆಯ ಸಂಬಂಧ. ರೊಬೆರ್ತೊ ಬೂಸಾ ಅಂತ ಇಟಲಿಯ ಜೆಸ್ವಿತ್ ಪಾದ್ರಿ. 13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್‌ನಲ್ಲಿ 'ಸಾನ್ನಿಧ್ಯ' ಅನ್ನುವ ವಿಚಾರದ ಮೇಲೆ ಸಂಶೋಧನೆ ಮಾಡುತ್ತಿದ್ದರು. 'ಸಾನ್ನಿಧ್ಯ' ಅನ್ನುವ ಪದವನ್ನೇ ಹುಡುಕಿದರೆ ಜಾಸ್ತಿ ಏನೂ ಸಿಗಲಿಲ್ಲ. ಆ ವಿಚಾರವೆಲ್ಲ ಲ್ಯಾಟಿನ್ನಿನ 'ಇನ್' ಅನ್ನುವ ಪುಟ್ಟ ಪದದಲ್ಲಿ ಅಡಗಿದೆ ಅಂತ ಅವರಿಗೆ ಕಂಡಿತು. ಕನ್ನಡದಲ್ಲಿ ಅದಕ್ಕೆ ಬೇರೆ ಪದವೇ ಬೇಕಿಲ್ಲ, 'ದೇವರಲ್ಲಿ' ಅಂದಾಗಿನ 'ಅಲ್ಲಿ' ಸಾಕು. ಆ 'ಇನ್' ಬರುವ ವಾಕ್ಯಗಳನ್ನು ಅವರು ಕೈಯಲ್ಲೇ 10,000 ಕಾರ್ಡುಗಳಲ್ಲಿ ಬರೆದುಕೊಂಡರು. ಆಮೇಲೆ, ಯಂತ್ರ ಈ ಕೆಲಸ ಮಾಡಬಹುದಲ್ಲ ಅಂತ 1949ರಲ್ಲಿ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಬಾಗಿಲು ತಟ್ಟಿದರು. ಅಕ್ವಿನಾಸ್ ಮತ್ತು ಅವನಿಗೆ ಸಂಬಂಧಿಸಿದ ಕೆಲವು ಲೇಖಕರ ಸುಮಾರು 1.1 ಕೋಟಿ ಪದಗಳ ಸೂಚಿ ತಯಾರಾಗಲು ಮೂವತ್ತು ವರ್ಷ ಹಿಡಿಯಿತು. ಅಚ್ಚಾದಾಗ 56 ಸಂಪುಟ. ಇವತ್ತು ನಾವು ಪಠ್ಯವನ್ನು ಕಂಪ್ಯೂಟರಿನಲ್ಲಿ ಹುಡುಕಿ ಓದುವ ಪದ್ಧತಿಯ ಬೇರುಗಳಲ್ಲಿ ಇದೂ ಒಂದು. 'ದೇವರಲ್ಲಿ' ಎಂದರೆ ಏನು ಅಂತ ಕೇಳಿದ ಒಬ್ಬ ಪಾದ್ರಿಯಿಂದ ಅದು ಶುರುವಾಯಿತು.

ನಿಮಗೂ ಒಂದು ಸಣ್ಣ ಕೆಲಸ ಹೇಳುತ್ತೇನೆ, ನಾನು ಪೈಥಾನ್ ಕಲಿತದ್ದೇ ಇದರಿಂದ. ಗ್ರೀಕ್ ಹೊಸ ಒಡಂಬಡಿಕೆಯ ಪಠ್ಯ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡು ಯೋಹಾನನ ಸುವಾರ್ತೆಯಲ್ಲಿ 'ಲೋಗೋಸ್' (ವಾಕ್ಯ) ಅನ್ನುವ ಪದ ಹುಡುಕುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆಯಿರಿ. ನಾನು ಬರೆದಾಗ ಪರದೆ ಮೇಲೆ ಬಂದ ಉತ್ತರ ಸೊನ್ನೆ. ಮೊದಲ ವಚನದಲ್ಲೇ ಮೂರು ಸಲ ಇರುವ ಪದ! ಕಣ್ಣಿಗೆ ಕಾಣುತ್ತಿದೆ, ಕಂಪ್ಯೂಟರಿಗೆ ಕಾಣುತ್ತಿಲ್ಲ. ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾದದ್ದು: ಸ್ವರದ ಗುರುತು ಇರುವ ಆ 'ಓ' ಅಕ್ಷರಕ್ಕೆ, ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಎರಡು ಸಂಖ್ಯೆ ಇವೆ. ನೋಡಲು ಎರಡೂ ಒಂದೇ. ಫೈಲಿನಲ್ಲಿ ಒಂದು ಇತ್ತು, ನಾನು ಟೈಪ್ ಮಾಡಿದ್ದು ಇನ್ನೊಂದು. ನಮ್ಮ 'ಲೋ' ಕೂಡ ಹಾಗೇ. ದೀರ್ಘದ ಗುರುತು ಒಂದೇ ಸಂಕೇತವಾಗಿಯೂ ಇರಬಹುದು, ತುಂಡು ತುಂಡಾಗಿ ಜೋಡಿಸಿದ್ದೂ ಆಗಿರಬಹುದು. ಎರಡನ್ನೂ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನ್‌ನಲ್ಲೇ ಇದೆ. ಒಂದು ಸಾಲು ಸೇರಿಸಿದೆ. ಲೋಗೋಸ್ ಬಂತು. ಅವತ್ತಿನ ಸಂತೋಷ ಇನ್ನೂ ಮರೆತಿಲ್ಲ. ಹಸ್ತಪ್ರತಿಗಳಲ್ಲಿ ಎರಡು ಸಾಲು ಒಂದೇ ಪದದಲ್ಲಿ ಮುಗಿದರೆ ನಕಲು ಮಾಡುವವನ ಕಣ್ಣು ಜಾರಿ ನಡುವಿನದು ಬಿಟ್ಟುಹೋಗುತ್ತದೆ ಅಂತ ನಾವು ಸೆಮಿನರಿಯಲ್ಲಿ ಕಲಿತಿದ್ದೆವಲ್ಲ? ಅದೇ ಕಣ್ಣು ಇಲ್ಲಿ ಕೆಲಸಕ್ಕೆ ಬರುತ್ತದೆ. ಪಠ್ಯ ಏನು ಹೇಳಬೇಕು ಅಂತ ನಾವು ಬಯಸುತ್ತೇವೋ ಅದನ್ನು ಬದಿಗಿಟ್ಟು, ಅಲ್ಲಿ ಇರುವುದೇನು ಅಂತ ನೋಡುವುದು. ವ್ಯಾಖ್ಯಾನಕ್ಕೂ ಅದೇ ಬೇಕು, ಬಗ್ ಹುಡುಕಲೂ ಅದೇ ಬೇಕು.

ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮಾಡಿದ ಲ್ಯಾರಿ ವಾಲ್ ನಿಮಗೆ ಗೊತ್ತಿರಬಹುದು. ಅವರೂ ಅವರ ಹೆಂಡತಿಯೂ ಲಿಪಿ ಇಲ್ಲದ ಭಾಷೆಗೆ ಲಿಪಿ ಮಾಡಿ ಸತ್ಯವೇದ ಅನುವಾದಿಸಲು ಹೊರಟು ಭಾಷಾಶಾಸ್ತ್ರ ಓದಿದ್ದರು. ಆರೋಗ್ಯದ ಕಾರಣಕ್ಕೆ ಹೋಗಲಾಗಲಿಲ್ಲ. 1987ರಲ್ಲಿ ಪರ್ಲ್ ಹೊರಬಂತು. ಹೆಸರು ಮತ್ತಾಯ 13ರ ಮುತ್ತಿನ ಸಾಮ್ಯದಿಂದ. ಆ ಭಾಷೆಯಲ್ಲಿ 'ಬ್ಲೆಸ್' ಅನ್ನುವ ಆದೇಶವೇ ಇದೆ. ನಮ್ಮ ಕಡೆ ನೋಡಿದರೆ, ಸುವಾರ್ತೆ ಸಾರಲು ಬಂದ ಕಿಟ್ಟೆಲ್ ಅವರನ್ನು ಇವತ್ತು ನಾವೆಲ್ಲ ನೆನೆಯುವುದು 1894ರ ನಿಘಂಟಿಗಾಗಿ.

ಇನ್ನು ಬೇಗ ಬೇಗ ಹೇಳುತ್ತೇನೆ. ಬಯೋಡೇಟಾದಲ್ಲಿ ಹನ್ನೆರಡು ವರ್ಷವನ್ನು ಮುಚ್ಚಬೇಡಿ, ಸಭೆಯ ಭಾಷೆಯಲ್ಲೂ ಬರೆಯಬೇಡಿ. 'ಕುರಿಗಳನ್ನು ಮೇಯಿಸಿದೆ' ಅಂದರೆ ಹೊರಗಿನವರಿಗೆ ಅರ್ಥವಾಗದು. ವಾರಕ್ಕೆ ಎಷ್ಟು ಸಲ, ಎಷ್ಟು ಜನರ ಮುಂದೆ ಮಾತಾಡಿದಿರಿ, ಎಷ್ಟು ಸ್ವಯಂಸೇವಕರನ್ನು ತಯಾರು ಮಾಡಿದಿರಿ, ಎಷ್ಟು ದೊಡ್ಡ ಲೆಕ್ಕಪತ್ರ ನೋಡಿಕೊಂಡಿರಿ, ಜಗಳ ಬಿದ್ದವರನ್ನು ಹೇಗೆ ಕೂರಿಸಿ ಮಾತಾಡಿಸಿದಿರಿ, ಇದನ್ನು ಬರೆಯಿರಿ. ಪಕ್ಕದಲ್ಲಿ ನೀವೇ ಮಾಡಿದ ಎರಡು ಪುಟ್ಟ ಪ್ರೋಗ್ರಾಂ ಇರಲಿ.

ಸಭೆ ಕೊಟ್ಟ ಮನೆಯಲ್ಲಿದ್ದರೆ, ಹುದ್ದೆಯ ಜೊತೆ ಮನೆಯೂ ಹೋಗುತ್ತದೆ. ಶಾಲೆಗೆ ಹೂಂ ಅನ್ನುವ ಮುಂಚೆಯೇ ಬೇರೆ ಮನೆ, ಆರು ತಿಂಗಳ ಖರ್ಚು ನೋಡಿಕೊಳ್ಳಿ. ಮನೆಯವರಿಗೂ ಇದು ದೊಡ್ಡ ಬದಲಾವಣೆ. ಅವರ ಸ್ನೇಹಿತರೆಲ್ಲ ಅದೇ ಸಭೆಯಲ್ಲಿ ಇದ್ದಾರೆ. ಸುದ್ದಿಯನ್ನು ಸಭೆಗೆ ನೀವೇ ಹೇಳಿ, ಗಾಳಿಮಾತಾಗಿ ಹೋಗಬಾರದು. ಬಿಟ್ಟ ಮೇಲೆ ಒಂದು ವರ್ಷ ಆ ಸಭೆಯ ಆರಾಧನೆಗೆ ಹೋಗಬೇಡಿ. ಮದುವೆ, ಸಾವಿಗೆ ಕರೆದರೂ ಹೊಸ ಪಾಲಕರನ್ನು ಕೇಳಿ ಎಂದು ಹೇಳಿ. ಕಷ್ಟವಾಗುತ್ತದೆ. ಆದರೆ ಹೊಸಬರಿಗೆ ಬೇರು ಬಿಡಲು ಜಾಗ ಬೇಕು.

ನಿಮ್ಮ ದೀಕ್ಷೆ ಏನಾಗುತ್ತದೆ ಅನ್ನುವುದು ನಿಮ್ಮ ಸಭಾಮಂಡಲದ ನಿಯಮದ ಮೇಲೆ ನಿಂತಿದೆ. ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಇದನ್ನು ಓದುವ ಕಥೋಲಿಕ ಗುರುಗಳಿದ್ದರೆ ಅವರ ದಾರಿ ಬೇರೆ. ದೀಕ್ಷೆ ಎಂದೂ ಅಳಿಯುವುದಿಲ್ಲ, ಆದರೆ ಬ್ರಹ್ಮಚರ್ಯದ ವಿನಾಯಿತಿಯನ್ನು ಪೋಪ್ ಒಬ್ಬರೇ ಕೊಡಬಲ್ಲರು. ಅಧಿಕಾರ ಕಳೆದುಕೊಂಡ ಗುರುವೂ ಸಾಯುತ್ತಿರುವವರ ಪಾಪನಿವೇದನೆ ಕೇಳಿ ಕ್ಷಮೆ ನುಡಿಯಬಹುದು ಅಂತ ಅವರ ಧರ್ಮಸಂಹಿತೆಯ 976ನೇ ನಿಯಮ ಹೇಳುತ್ತದೆ. ಅದನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಕೊನೆಗೆ ಪುಸ್ತಕ. ಒಂದೇ ದಿನ ಎಲ್ಲವನ್ನೂ ಕೊಟ್ಟುಬಿಡುವ ಆವೇಶ ಬರುತ್ತದೆ. ನನಗೂ ಬಂದಿತ್ತು, ತಡೆದುಕೊಂಡೆ. ಪ್ರಸಂಗದ ರೂಪರೇಖೆಗಳು, ಉದಾಹರಣೆ ಕಥೆಗಳ ಸಂಗ್ರಹ, ಸಭೆ ನಡೆಸುವ ಕೈಪಿಡಿಗಳು, ಇವನ್ನು ಈಗಷ್ಟೇ ಸೇವೆಗೆ ಇಳಿದ ಒಬ್ಬರಿಗೆ ಕೊಡಿ. ನಿಮ್ಮ ಅಂಚಿನ ಬರಹ ಇರುವಂತೆಯೇ ಕೊಡಿ. ವ್ಯಾಕರಣ, ನಿಘಂಟು, ವ್ಯಾಖ್ಯಾನಗಳು, ಸಭೆಯ ಇತಿಹಾಸ, ಇವು ಮನೆಯಲ್ಲಿರಲಿ. ಮನೆ ಸಾಗಿಸುವ ದಿನ ಎಲ್ಲ ಪೆಟ್ಟಿಗೆ ಸೇರುತ್ತದೆ. ಗ್ರೀಕ್ ಹೊಸ ಒಡಂಬಡಿಕೆಯನ್ನು ಮಾತ್ರ ಕೈಚೀಲದಲ್ಲಿ, ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಳ್ಳಿ. ಆ ಲೋಗೋಸ್ ಪ್ರೋಗ್ರಾಂ ಬರೆಯುವಾಗ ಬೇಕಾಗುತ್ತದೆ.